ಉಪ್ಪಿನ ಕೈ ಹಿಡಿದು ಬರುವ ಸಕ್ಕರೆ

ಮಗುವಿಗೆ ಬೆಳಗಿನಿಂದ ಏಳೆಂಟು ಸಲ ನೀರು ನೀರಾಗಿ ಭೇದಿಯಾಗಿದೆ. ಮನೆಯ ಹಿರಿಯರೊಬ್ಬರು ‘ಏನೂ ಕೊಡಬೇಡಿ, ಹೊಟ್ಟೆಗೆ ಬಿಡುವು ಸಿಗಲಿ’ ಎನ್ನುತ್ತಾರೆ. ಪಕ್ಕದ ಮನೆಯವರು ಅಂಗಡಿಯಿಂದ ಗ್ಲೂಕೋಸ್ ಪುಡಿ ತಂದುಕೊಡುತ್ತಾರೆ. ತಂದೆ ‘ಒಂದು ಬಾಟಲಿ ಡ್ರಿಪ್ ಹಾಕಿಸಿಬಿಡೋಣ’ ಎಂದು ಆಟೋ ಹುಡುಕಲು ಹೊರಡುತ್ತಾರೆ. ಇಷ್ಟರ ನಡುವೆ ಆಶಾ ಕಾರ್ಯಕರ್ತೆ ಕೊಟ್ಟುಹೋದ ಓಆರ್‌ಎಸ್ ಪೊಟ್ಟಣ ಅಡುಗೆಮನೆಯ ಗೂಡಿನಲ್ಲಿ ಹಾಗೆಯೇ ಬಿದ್ದಿರುತ್ತದೆ. ‘ಉಪ್ಪು–ಸಕ್ಕರೆಯ ಪುಡಿ ತಾನೇ, ಅದರಿಂದ ಏನಾದೀತು’ ಎಂಬ ತಾತ್ಸಾರ.

ಅದರಿಂದ ಏನಾಗುತ್ತದೆ ಎಂಬುದನ್ನು ಇಂದು ಸ್ವಲ್ಪ ವಿವರವಾಗಿ ನೋಡೋಣ. ಆ ಪೊಟ್ಟಣದಲ್ಲಿ ಉಪ್ಪೂ ಇದೆ, ಗ್ಲೂಕೋಸೂ ಇದೆ. ಒಂದೇ ಏಕೆ ಸಾಲದು? ಎರಡೂ ಒಟ್ಟಿಗೇ ಏಕಿರಬೇಕು? ಇದಕ್ಕೆ ಉತ್ತರ ಸಿಕ್ಕಿದ್ದು ಭೇದಿಗೆ ಮದ್ದು ಹುಡುಕುತ್ತಿದ್ದವರಿಂದಲ್ಲ. ಕಪ್ಪೆ ಮತ್ತು ಇಲಿಗಳ ಕರುಳನ್ನು ಇಟ್ಟುಕೊಂಡು, ಸಕ್ಕರೆ ರಕ್ತಕ್ಕೆ ಸೇರುವುದು ಹೇಗೆ ಎಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದ ಕೆಲವು ಸಂಶೋಧಕರಿಂದ. ಅವರಲ್ಲಿ ಒಬ್ಬರು ಹಂಗೇರಿ ಮೂಲದ ಔಷಧಶಾಸ್ತ್ರಜ್ಞ ತಿಹಮೇರ್ ಚಾಕಿ. ಹೆಸರು ನಿಮಗೆ ಹೊಸದಿರಬಹುದು. ವೈದ್ಯರಲ್ಲಿಯೂ ಬಹುಮಂದಿಗೆ ಹೊಸದೇ.

ಔಷಧಶಾಸ್ತ್ರಜ್ಞನಿಗೆ ಕರುಳಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ನಾವು ನುಂಗುವ ಮಾತ್ರೆಗಳಲ್ಲಿ ಹೆಚ್ಚಿನವು ಕರುಳಿನ ಗೋಡೆಯನ್ನು ದಾಟಿದ ಮೇಲಷ್ಟೇ ಕೆಲಸಕ್ಕೆ ಬರುತ್ತವೆ. ಯಾವುದು ದಾಟುತ್ತದೆ, ಯಾವುದು ದಾಟುವುದಿಲ್ಲ, ದಾಟುವುದು ಹೇಗೆ ಎಂಬುದು ತಿಳಿಯದೆ ಮದ್ದಿನ ಲೆಕ್ಕ ಹಾಕುವುದು ಕುರುಡುಕೆಲಸ. ಚಾಕಿ ತಮ್ಮ ವೃತ್ತಿಜೀವನದ ದೊಡ್ಡ ಪಾಲನ್ನು ಈ ಒಂದು ಗೋಡೆಗೆ ಮೀಸಲಿಟ್ಟರು. ಕರುಳಿನ ಹೀರಿಕೆ ಮತ್ತು ಔಷಧಗಳ ಬಗ್ಗೆ 1984ರಲ್ಲಿ ಎರಡು ಸಂಪುಟಗಳ ಕೈಪಿಡಿಯನ್ನು ಸಂಪಾದಿಸಿದವರೂ ಅವರೇ.

ಈ ಗೋಡೆಯ ಕೆಲಸ ಸಾಮಾನ್ಯವಲ್ಲ. ದಿನಕ್ಕೆ ನಾವು ಕುಡಿಯುವ, ಊಟದಲ್ಲಿ ಸೇರುವ ನೀರು ಸುಮಾರು 2 ಲೀಟರ್. ಜೊಲ್ಲು, ಜಠರರಸ, ಪಿತ್ತ, ಮೇದೋಜೀರಕದ ರಸ ಎಲ್ಲ ಸೇರಿ ಇನ್ನೂ 6–7 ಲೀಟರ್ ಕರುಳಿಗೆ ಇಳಿಯುತ್ತದೆ. ಇಷ್ಟರಲ್ಲಿ ಮಲದೊಂದಿಗೆ ಹೊರಹೋಗುವುದು 100–200 ಮಿಲಿಲೀಟರ್ ಮಾತ್ರ. ಮಿಕ್ಕಿದ್ದನ್ನೆಲ್ಲ ಕರುಳು ದಿನವೂ ಸದ್ದಿಲ್ಲದೆ ಹೀರಿ ರಕ್ತಕ್ಕೆ ಮರಳಿಸುತ್ತದೆ. ಭೇದಿ ಎಂದರೆ ಈ ಲೆಕ್ಕ ತಪ್ಪುವುದು. ಎಂಟು ಲೀಟರಿನ ವ್ಯವಹಾರದಲ್ಲಿ ಒಂದಿಷ್ಟು ಏರುಪೇರಾದರೂ ಪುಟ್ಟ ಮಗುವಿನ ಮೈಯಲ್ಲಿ ನೀರು ಬತ್ತಿಹೋಗಲು ಹೆಚ್ಚು ಹೊತ್ತು ಬೇಡ.

ಇನ್ನು ಚಾಕಿಯ ಪ್ರಯೋಗಗಳಿಗೆ ಬರೋಣ. 1942ರಲ್ಲಿ ಅವರು ಗ್ಲೂಕೋಸ್ ಅಣುವಿನ ರಚನೆಗೂ ಸಣ್ಣ ಕರುಳಿನ ಹೀರಿಕೆಗೂ ಇರುವ ಸಂಬಂಧದ ಬಗ್ಗೆ ಜರ್ಮನ್ ಭಾಷೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಗ್ಲೂಕೋಸನ್ನು ಹಾಗೆಯೇ ಬಳಸಿದರೆ ಒಂದು ತೊಡಕಿದೆ. ಕರುಳಿನ ಜೀವಕೋಶಗಳೇ ಅದನ್ನು ಉರಿಸಿ ಶಕ್ತಿ ಪಡೆದುಬಿಡುತ್ತವೆ. ಹೋದದ್ದೆಷ್ಟು, ಉರಿದದ್ದೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಆದ್ದರಿಂದ ಅವರು ಗ್ಲೂಕೋಸ್ ಅಣುವಿನ ಒಂದು ಮೂಲೆಗೆ ಪುಟ್ಟ ಮೀಥೈಲ್ ಗುಂಪೊಂದನ್ನು ಅಂಟಿಸಿದ ಸಕ್ಕರೆಯನ್ನು ಬಳಸಿದರು. ಕರುಳು ಇದನ್ನು ಗ್ಲೂಕೋಸೆಂದೇ ನಂಬಿ ಒಳಗೆ ಬಿಟ್ಟುಕೊಳ್ಳುತ್ತದೆ. ಆದರೆ ದೇಹಕ್ಕೆ ಅದನ್ನು ಉರಿಸಲು ಬರುವುದಿಲ್ಲ. ಇಲಿಗಳಲ್ಲಿ ಅದು ಇದ್ದ ಹಾಗೆಯೇ ಮೂತ್ರದಲ್ಲಿ ಹೊರಬರುತ್ತದೆಂದು 1956ರಲ್ಲಿ ಚಾಕಿ ಮತ್ತು ವಿಲ್ಸನ್ ತೋರಿಸಿದರು. ಗುರುತು ಹಾಕಿದ ನೋಟನ್ನು ಚಲಾವಣೆಗೆ ಬಿಟ್ಟು ಹಾದಿ ಪತ್ತೆ ಮಾಡುವ ಪೊಲೀಸರ ಉಪಾಯದಂತೆ ಇದು. ಕರುಳಿನ ಹೀರಿಕೆ ಸರಿಯಿದೆಯೇ ಎಂದು ನೋಡುವ ಪರೀಕ್ಷೆಗಳಲ್ಲಿ ಈ ಸಕ್ಕರೆ ಮುಂದೆಯೂ ಬಳಕೆಗೆ ಬಂತು.

ಮುಖ್ಯ ಸಂಗತಿ ಹೊರಬಿದ್ದದ್ದು 1960ರ ಹೊತ್ತಿಗೆ. ಆಗ ಅವರು ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಔಷಧಶಾಸ್ತ್ರ ವಿಭಾಗದಲ್ಲಿದ್ದರು. ಕಪ್ಪೆಯ ಸಣ್ಣ ಕರುಳಿನ ತುಂಡನ್ನು ಲವಣದ ದ್ರಾವಣದಲ್ಲಿ ಜೀವಂತವಾಗಿ ಇರಿಸಿದಾಗ ಅದು ಸಕ್ಕರೆಯನ್ನು ಚೆನ್ನಾಗಿಯೇ ಹೀರುತ್ತಿತ್ತು. ದ್ರಾವಣದಲ್ಲಿದ್ದ ಸೋಡಿಯಂ ತೆಗೆದು ಅದರ ಬದಲು ಬೇರೆ ಲವಣ ಹಾಕಿದರೆ ಹೀರಿಕೆ ನಿಂತೇಹೋಗುತ್ತಿತ್ತು. ಸಕ್ಕರೆ ಇದೆ, ಆಮ್ಲಜನಕ ಇದೆ, ಕರುಳು ಜೀವಂತವಾಗಿದೆ. ಇಲ್ಲದಿರುವುದು ಸೋಡಿಯಂ, ಅಂದರೆ ನಮ್ಮ ಅಡುಗೆ ಉಪ್ಪಿನ ಅರ್ಧಭಾಗ. ಅದೇ ವರ್ಷ ಜೀವಂತ ಇಲಿಯ ಕರುಳಿನಲ್ಲಿಯೂ ಇದೇ ಬಗೆಯ ಫಲಿತಾಂಶ ಬಂತು. ಸೋಡಿಯಂ ಇಲ್ಲದ ದ್ರಾವಣ ಹರಿಸಿದಾಗ ಗ್ಲೂಕೋಸಿನ ಹೀರಿಕೆ ತಗ್ಗಿತು.

ಈ ದಾರಿಯಲ್ಲಿ ಚಾಕಿ ಒಬ್ಬರೇ ಇರಲಿಲ್ಲ. ಮಾಂಟ್ರಿಯಲ್‌ನಲ್ಲಿ ರಿಕ್ಲಿಸ್ ಮತ್ತು ಕ್ವಾಸ್ಟೆಲ್ ಗಿನಿಯಿಲಿಗಳ ಕರುಳಿನಲ್ಲಿ ಇದಕ್ಕೆ ಹತ್ತಿರದ ಸಂಗತಿಯನ್ನು 1958ರಲ್ಲೇ ಕಂಡಿದ್ದರು. ಕೊನೆಗೆ ಇದಕ್ಕೆಲ್ಲ ಹೊಂದುವ ವಿವರಣೆ ಕೊಟ್ಟವರು ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್. 1960ರ ಆಗಸ್ಟ್‌ನಲ್ಲಿ ಪ್ರಾಗ್ ನಗರದಲ್ಲಿ ನಡೆದ ಸಭೆಯೊಂದರಲ್ಲಿ ಅವರು ತಮ್ಮ ಚಿತ್ರವನ್ನು ಮುಂದಿಟ್ಟರು. ಅದರ ಪ್ರಕಾರ ಕರುಳಿನ ಜೀವಕೋಶದ ಪೊರೆಯಲ್ಲಿ ಒಂದು ಬಾಗಿಲಿದೆ. ಆ ಬಾಗಿಲು ಸಕ್ಕರೆಯನ್ನು ಒಂಟಿಯಾಗಿ ಬಿಡುವುದಿಲ್ಲ, ಜೊತೆಗೆ ಸೋಡಿಯಂ ಇರಬೇಕು. ಹಳ್ಳಿಯ ಇಳಿಜಾರು ರಸ್ತೆಯಲ್ಲಿ ಎತ್ತಿನ ಗಾಡಿಯ ಹಿಂದೆ ಜೋತುಬಿದ್ದು ಬರುವ ಹುಡುಗರನ್ನು ನೀವು ನೋಡಿರಬಹುದು. ಸೋಡಿಯಂ ಗಾಡಿ, ಸಕ್ಕರೆ ಆ ಹುಡುಗ. ಎರಡೂ ಒಳಹೊಕ್ಕ ಮೇಲೆ ನೀರು ಅವುಗಳ ಬೆನ್ನು ಹತ್ತಿ ತಾನಾಗಿ ಬರುತ್ತದೆ. ನಮಗೆ ಬೇಕಾದದ್ದು ಈ ನೀರೇ.

ಗಾಡಿಗೆ ಇಳಿಜಾರು ಎಲ್ಲಿಂದ ಬಂತು? ಜೀವಕೋಶದ ಒಳಗೆ ಸೋಡಿಯಂ ಯಾವಾಗಲೂ ಕಡಿಮೆ ಇರುತ್ತದೆ. ಏಕೆಂದರೆ ರಕ್ತದ ಕಡೆಯ ಗೋಡೆಯಲ್ಲಿರುವ ಪಂಪುಗಳು ಅದನ್ನು ಹಗಲಿರುಳೂ ಹೊರಕ್ಕೆ ಎತ್ತಿಹಾಕುತ್ತಿರುತ್ತವೆ. ಮನೆಯೊಳಗೆ ನುಗ್ಗಿದ ಮಳೆನೀರನ್ನು ಹಿತ್ತಲ ಬಾಗಿಲಿನಿಂದ ಮೊಗೆದು ಚೆಲ್ಲುವವರ ಹಾಗೆ. ಈ ಪಂಪಿನ ಕೆಲಸ ಮಾಡುವ ಕಿಣ್ವವನ್ನು ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ವರದಿ ಮಾಡಿದರು. 1997ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂತು.

ಇಲ್ಲಿ ಚಾಕಿಯ ಔಷಧಶಾಸ್ತ್ರದ ತಿಳಿವಳಿಕೆ ನೆರವಿಗೆ ಬಂತು. ಹೃದಯಕ್ಕೆ ಕೊಡುವ ಡಿಜಿಟಾಲಿಸ್ ಎಂಬ ಮದ್ದನ್ನು ಕೇಳಿರುತ್ತೀರಿ. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ವರ್ಣಿಸಿದ, ಗಂಟೆಯಾಕಾರದ ಹೂ ಬಿಡುವ ಗಿಡದ ಎಲೆಯಿಂದ ಬಂದದ್ದು. ಡಿಜಾಕ್ಸಿನ್ ಮಾತ್ರೆ ಅದೇ ಕುಟುಂಬದ್ದು. ಈ ಮದ್ದುಗಳು ಸೋಡಿಯಂ ಪಂಪನ್ನು ತಡೆಯುತ್ತವೆ. ಇವು ಕರುಳಿನ ಸಕ್ಕರೆ ಹೀರಿಕೆಯನ್ನೂ ತಡೆಯುತ್ತವೆಂದು ಚಾಕಿ ಮತ್ತು ಸಂಗಡಿಗರು 1961ರಲ್ಲಿ ತೋರಿಸಿದರು. ಹೃದಯದ ಮದ್ದಿಗೂ ಕರುಳಿನ ಸಕ್ಕರೆಗೂ ಎಲ್ಲಿಯ ಸಂಬಂಧ? ಪಂಪು ನಿಂತರೆ ಇಳಿಜಾರು ಹೋಯಿತು, ಇಳಿಜಾರು ಹೋದರೆ ಗಾಡಿಯೂ ಇಲ್ಲ, ಹುಡುಗನೂ ಇಲ್ಲ. ಮುಂದೆ ಕೆಂಟಕಿ ವಿಶ್ವವಿದ್ಯಾಲಯದಲ್ಲಿ ಔಷಧಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದಾಗಲೂ ಅವರು ಇದೇ ಎಳೆಯನ್ನು ಹಿಡಿದು ನಡೆದರು.

ಚಾಕಿಯ ಎಲ್ಲ ಊಹೆಗಳೂ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ಸೋಡಿಯಂ ಜೀವಕೋಶದ ಒಳಗೆ ಸೇರಿ, ಸಾಗಾಟಕ್ಕೆ ಬೇಕಾದ ಶಕ್ತಿಯ ವ್ಯವಸ್ಥೆಯನ್ನು ನಡೆಸುತ್ತದೆ ಎಂಬುದು ಅವರ ವಾದವಾಗಿತ್ತು. ಬಾಗಿಲಲ್ಲೇ ಎರಡೂ ಜೋಡಿಯಾಗಿ ನುಗ್ಗುತ್ತವೆ ಎಂಬ ಕ್ರೇನ್ ವಾದವೇ ಕೊನೆಗೆ ಗೆದ್ದಿತು. 1987ರಲ್ಲಿ ಕ್ಯಾಲಿಫೋರ್ನಿಯಾದ ಅರ್ನೆಸ್ಟ್ ರೈಟ್ ಮತ್ತು ಸಂಗಡಿಗರು ಆ ಬಾಗಿಲಿನ ಪ್ರೋಟೀನನ್ನೇ, ಅದರ ಜೀನ್ ಸಹಿತ, ಗುರುತಿಸಿದರು. ಒಂದು ಗ್ಲೂಕೋಸಿಗೆ ಎರಡು ಸೋಡಿಯಂ, ಅದು ಈ ಬಾಗಿಲಿನ ದರ. ಆದರೂ ನನ್ನ ಮಟ್ಟಿಗೆ ಹೇಳುವುದಾದರೆ, ವಿವರಣೆ ತಪ್ಪಿದ್ದರಿಂದ ಕಪ್ಪೆಯ ಕರುಳಿನಲ್ಲಿ ಅವರು ಕಂಡದ್ದರ ಬೆಲೆ ಕಡಿಮೆಯಾಗುವುದಿಲ್ಲ. ಸೋಡಿಯಂ ಇಲ್ಲದೆ ಸಕ್ಕರೆ ಹೋಗದು ಎಂಬ ಮಾತನ್ನು ಈವರೆಗೆ ಯಾರೂ ಅಲ್ಲಗಳೆದಿಲ್ಲ.

ಈ ಬಾಗಿಲು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಅಪರೂಪದ ಕಾಯಿಲೆಯೇ ಸಾಕ್ಷಿ. ಕೆಲವು ಶಿಶುಗಳಿಗೆ ಹುಟ್ಟಿದಾಗಲೇ ಬಾಗಿಲಿನ ಜೀನ್ ಕೆಟ್ಟಿರುತ್ತದೆ. ತಾಯಿಯ ಹಾಲು ಕುಡಿಸಿದ ಕೂಡಲೇ ತೀವ್ರ ಭೇದಿ ಶುರುವಾಗುತ್ತದೆ, ಹಾಲಿನ ಸಕ್ಕರೆಯೇ ಅವರಿಗೆ ಶತ್ರು. ಅಂಥ ಮಗುವಿಗೆ ಹಣ್ಣಿನ ಸಕ್ಕರೆಯಾದ ಫ್ರುಕ್ಟೋಸ್ ಇರುವ ಆಹಾರ ಕೊಟ್ಟರೆ ಭೇದಿ ನಿಲ್ಲುತ್ತದೆ. ಫ್ರುಕ್ಟೋಸ್ ಹೋಗುವ ಬಾಗಿಲೇ ಬೇರೆ, ಅದಕ್ಕೆ ಸೋಡಿಯಂ ಬೇಡ. ಈ ಜೀನ್ ದೋಷ ಪತ್ತೆಯಾದದ್ದು 1991ರಲ್ಲಿ.

ಪ್ರಯೋಗಾಲಯದ ಈ ತಿಳಿವಳಿಕೆ ರೋಗಿಯ ಹಾಸಿಗೆಯವರೆಗೆ ಬಂದದ್ದು ಕಾಲರಾ ಕಾಯಿಲೆಯ ಮೂಲಕ. ಕಾಲರಾ ರೋಗಾಣು ಒಂದು ವಿಷವನ್ನು ಸ್ರವಿಸುತ್ತದೆ, ಕರುಳನ್ನು ಕೆಡಿಸುವುದು ಆ ವಿಷ ಎಂದು 1959ರಲ್ಲಿ ತೋರಿಸಿದವರು ಕಲ್ಕತ್ತೆಯ ಶಂಭುನಾಥ ಡೇ. ಆ ವಿಷದ ದೆಸೆಯಿಂದ ಜೀವಕೋಶಗಳು ಕ್ಲೋರೈಡನ್ನು ಕರುಳಿನೊಳಕ್ಕೆ ಸುರಿಯುತ್ತವೆ, ಅದರ ಹಿಂದೆ ಸೋಡಿಯಂ, ನೀರು. ತೀವ್ರವಾದರೆ ದೊಡ್ಡವರಲ್ಲಿ ಗಂಟೆಗೆ ಒಂದು ಲೀಟರಿನವರೆಗೂ ನಷ್ಟವಾಗಬಹುದು. ಆದರೆ ಇಷ್ಟೆಲ್ಲ ಹಾವಳಿಯ ನಡುವೆಯೂ ಸಕ್ಕರೆ–ಸೋಡಿಯಂ ಜೋಡಿಯ ಬಾಗಿಲನ್ನು ಆ ವಿಷ ಮುಟ್ಟುವುದಿಲ್ಲ. ನಲ್ಲಿ ಮುರಿದು ನೀರು ಹರಿಯುತ್ತಿದೆ, ಆದರೆ ನೀರು ಒಳಗೆ ಬರುವ ಇನ್ನೊಂದು ಕೊಳವೆ ಸರಿಯಾಗಿದೆ. ಅದನ್ನು ಬಳಸಿಕೊಂಡರೆ ಸಾಕು.

1968ರಲ್ಲಿ ಢಾಕಾದಲ್ಲಿ ಡೇವಿಡ್ ನಲಿನ್, ರಿಚರ್ಡ್ ಕ್ಯಾಶ್ ಮತ್ತು ಸಹೋದ್ಯೋಗಿಗಳು ಕಾಲರಾ ರೋಗಿಗಳಿಗೆ ಸಕ್ಕರೆ–ಲವಣದ ದ್ರಾವಣವನ್ನು ಹೊಟ್ಟೆಗೇ ಕೊಟ್ಟು, ಡ್ರಿಪ್ಪಿನ ಅಗತ್ಯವನ್ನು ಸುಮಾರು ಶೇ 80ರಷ್ಟು ಇಳಿಸಿದರು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದು ಸೇರಿದಾಗ ಅಲ್ಲಿನ ಆಸ್ಪತ್ರೆಯ ನೆಲದ ಮೇಲೆಲ್ಲ ಕಾಲರಾ ರೋಗಿಗಳು. ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದಿದ್ದವು. ಡಾ. ದಿಲೀಪ್ ಮಹಲನೋಬಿಸ್ ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾದ ಲೆಕ್ಕದಲ್ಲಿ ದ್ರಾವಣ ಮಾಡಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಶೇ 30ರ ಸುಮಾರಿಗಿದ್ದ ಸಾವು ಶೇ 3.6ಕ್ಕೆ ಇಳಿಯಿತು. ಮಹಲನೋಬಿಸ್ 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರುವರ್ಷ.

ಇದಕ್ಕೂ ಮೊದಲೇ, 1953ರಲ್ಲಿ, ಕಲ್ಕತ್ತೆಯ ಡಾ. ಹೇಮೇಂದ್ರನಾಥ ಚಟರ್ಜಿ ಬಾಯಿಯ ಮೂಲಕ ಸಕ್ಕರೆ–ಉಪ್ಪಿನ ನೀರು ಕೊಟ್ಟು ಕಾಲರಾ ರೋಗಿಗಳನ್ನು ಉಳಿಸಿದ್ದರು. ಜೊತೆಗೆ ಒಂದು ಎಲೆಯ ರಸವನ್ನೂ ಬಳಸಿದ್ದರು. ಅದು ಯಾವುದೆಂದು ತಿಳಿದರೆ ನಿಮಗೆ ಅಚ್ಚರಿಯಾದೀತು, ನಮ್ಮ ಹಿತ್ತಲ ದೊಡ್ಡಪತ್ರೆ. ಎಲೆಯ ಗುಣದ ಮಾತು ಹಾಗಿರಲಿ. ಸಕ್ಕರೆ–ಉಪ್ಪಿನ ನೀರು ಏಕೆ ಕೆಲಸ ಮಾಡುತ್ತದೆಂಬ ವಿವರಣೆ ಆಗ ಯಾರ ಬಳಿಯೂ ಇರಲಿಲ್ಲ. ಆ ಲೇಖನವನ್ನು ಹೆಚ್ಚು ಜನ ಗಮನಿಸಲೂ ಇಲ್ಲ. ಗಮನಿಸಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ!

ಈಗ ನಿಮ್ಮ ಅಡುಗೆಮನೆಯ ಗೂಡಿಗೆ ಹಿಂತಿರುಗೋಣ. ಬರೀ ನೀರು ಕುಡಿಸಿದರೆ ಕಳೆದುಹೋದ ಸೋಡಿಯಂ ಮರಳುವುದಿಲ್ಲ, ರಕ್ತದಲ್ಲಿ ಅದು ಇನ್ನಷ್ಟು ತೆಳುವಾಗುತ್ತದೆ. ಬರೀ ಗ್ಲೂಕೋಸ್ ಪುಡಿ ಕಲಸಿದರೆ ಜೊತೆಗಾರನಿಲ್ಲದ ಸಕ್ಕರೆ ಕರುಳಿನಲ್ಲೇ ಉಳಿದು, ಮೈಯೊಳಗಿನ ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಭೇದಿ ಜಾಸ್ತಿಯಾಗುತ್ತದೆ. ಬಾಟಲಿಯ ತಂಪು ಪಾನೀಯ, ಪೆಟ್ಟಿಗೆಯ ಹಣ್ಣಿನ ರಸದಲ್ಲಿಯೂ ಇದೇ ತೊಂದರೆ. ಅಂಗಡಿಗಳಲ್ಲಿ ಓಆರ್‌ಎಸ್ ಎಂಬ ಅಕ್ಷರಗಳನ್ನು ಹೊತ್ತು ಮಾರಾಟವಾಗುತ್ತಿದ್ದ ಸಿಹಿ ಪಾನೀಯಗಳಿದ್ದವು. ಆಹಾರ ಪದಾರ್ಥಗಳ ಹೆಸರಿನಲ್ಲಿ ಆ ಅಕ್ಷರ ಬಳಸಕೂಡದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಔಷಧಿ ಅಂಗಡಿಯಲ್ಲಿ ಕೇಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯೇ ಬೇಕೆಂದು ಹೇಳಿ, ಪೊಟ್ಟಣದ ಮೇಲೆ ಓದಿ ನೋಡಿ.

2002ರಲ್ಲಿ ಪರಿಷ್ಕರಿಸಿದ ಆ ಸೂತ್ರದಲ್ಲಿ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತವೆ. ಹಳೆಯದರಲ್ಲಿ ಉಪ್ಪು, ಸಕ್ಕರೆ ಎರಡೂ ಹೆಚ್ಚಿದ್ದವು. ಹೊಸದು ತೆಳುವಾದ್ದರಿಂದ ವಾಂತಿ ಕಡಿಮೆ, ಡ್ರಿಪ್ ಬೇಕಾಗುವ ಮಕ್ಕಳೂ ಸುಮಾರು ಮೂರನೇ ಒಂದರಷ್ಟು ಕಡಿಮೆ. ಇದರ ಅರ್ಥ ಇಷ್ಟೇ: ಅಳತೆಯೇ ಇಲ್ಲಿ ಮದ್ದು. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಕಲಸಿ ‘ಗಟ್ಟಿಯಾಗಿದ್ದರೆ ಬೇಗ ಗುಣವಾಗುತ್ತೆ’ ಎನ್ನುವ ತಾಯಂದಿರನ್ನು ನಾನು ಈಗಲೂ ಕಾಣುತ್ತೇನೆ. ಇದು ಅಪಾಯಕರ. ಪೊಟ್ಟಣ ಎಷ್ಟು ನೀರಿಗೆಂದು ಬರೆದಿದೆಯೋ ಅಷ್ಟೇ ಕುದಿಸಿ ಆರಿಸಿದ ನೀರು, ಒಂದೇ ಸಲಕ್ಕೆ ಇಡೀ ಪೊಟ್ಟಣ. ಕಲಸಿದ್ದನ್ನು 24 ಗಂಟೆಯ ನಂತರ ಚೆಲ್ಲಿಬಿಡಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50–100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100–200 ಮಿಲಿಲೀಟರ್, ಚಮಚದಲ್ಲಿ ನಿಧಾನವಾಗಿ. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಶುರು ಮಾಡಿ.

ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೋಪುರದಂತೆ ತುಂಬಿರಬಾರದು, ಮಟ್ಟಸವಾಗಿರಬೇಕು. ಉಪ್ಪು ಹಾಕಿದ ಅಕ್ಕಿ ಗಂಜಿ, ಉಪ್ಪು ಹಾಕಿದ ನೀರು ಮಜ್ಜಿಗೆ ಕೂಡ ಒಳ್ಳೆಯವೇ. ಗಂಜಿಯ ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಗ್ಲೂಕೋಸಾಗಿ ಒಡೆದು ಅದೇ ಬಾಗಿಲಿಗೆ ಬರುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ, ಆದ್ದರಿಂದ ಅದೊಂದನ್ನೇ ನೆಚ್ಚಬೇಡಿ. ಎದೆಹಾಲು, ಊಟ ನಿಲ್ಲಿಸಬೇಡಿ. ವೈದ್ಯರು ಹೇಳಿದಂತೆ ಸತುವಿನ ಮಾತ್ರೆಯನ್ನು 10–14 ದಿನ ಪೂರ್ತಿ ಕೊಡಿ, ಭೇದಿ ನಿಂತಿತೆಂದು ಬಿಡಬೇಡಿ. ಕರುಳಿನ ಚಲನೆಯನ್ನು ಕಟ್ಟಿಹಾಕುವ ‘ಭೇದಿ ನಿಲ್ಲಿಸುವ’ ಮಾತ್ರೆ ಮಕ್ಕಳಿಗೆ ಬೇಡವೇ ಬೇಡ.

ಕಣ್ಣು ಗುಳಿ ಬಿದ್ದಿದೆ, ಅತ್ತರೂ ಕಣ್ಣೀರಿಲ್ಲ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಇಳಿಯುತ್ತದೆ, ಆರು ಗಂಟೆಯಿಂದ ಮೂತ್ರವಿಲ್ಲ, ಮಗು ಮಂಕಾಗಿದೆ ಅಥವಾ ಕುಡಿಯಲಾರದು, ಮಲದಲ್ಲಿ ರಕ್ತವಿದೆ – ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಓಡಿ. ಎರಡು ತಿಂಗಳೊಳಗಿನ ಶಿಶುವಾದರೆ ಈ ಲಕ್ಷಣಗಳಿಗೂ ಕಾಯಬೇಡಿ. ದಾರಿಯುದ್ದಕ್ಕೂ ಚಮಚದಲ್ಲಿ ಕುಡಿಸುತ್ತಿರಿ.

ಮನೆಯ ಹಿರಿಯರ ವಿಷಯದಲ್ಲಿ ಎರಡು ಮಾತು ಬಾಕಿಯಿದೆ. ಡಿಜಾಕ್ಸಿನ್ ಮಾತ್ರೆ ನುಂಗುವವರಿಗೆ ಭೇದಿಯಾದರೆ ದೇಹದಿಂದ ಪೊಟ್ಯಾಸಿಯಂ ಸೋರಿಹೋಗಿ, ಎಂದಿನ ಮಾತ್ರೆಯೇ ವಿಷವಾಗಬಹುದು. ವಾಂತಿ ಬಂದಾಗ, ಕಣ್ಣು ಮಂಜಾದಾಗ, ಎದೆಬಡಿತ ಏರುಪೇರಾದಾಗ ‘ಭೇದಿಯ ನಿಶ್ಶಕ್ತಿ’ ಎಂದು ಸುಮ್ಮನಿರಬೇಡಿ. ಇನ್ನೊಂದು, ಸಕ್ಕರೆ ಕಾಯಿಲೆಗೆ ಈಗ ಬಹಳ ಮಂದಿ ಸೇವಿಸುತ್ತಿರುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು. ಕರುಳಿನ ಬಾಗಿಲಿಗೆ ಮೂತ್ರಪಿಂಡದಲ್ಲಿ ಒಬ್ಬ ತಮ್ಮನಿದ್ದಾನೆ. ಅಲ್ಲಿಯೂ ಸೋಡಿಯಂ ಜೊತೆಗೇ ಸಕ್ಕರೆ ರಕ್ತಕ್ಕೆ ಮರಳುತ್ತದೆ. ಈ ಮಾತ್ರೆಗಳು ಆ ಬಾಗಿಲನ್ನು ಮುಚ್ಚಿ ಸಕ್ಕರೆಯನ್ನು ಮೂತ್ರದಲ್ಲಿ ಹೊರಗಟ್ಟುತ್ತವೆ, ಅದರೊಂದಿಗೆ ನೀರೂ ಹೋಗುತ್ತದೆ. ವಾಂತಿ–ಭೇದಿ ಇರುವ ದಿನಗಳಲ್ಲಿ ಈ ಮಾತ್ರೆಯನ್ನು ಸಾಮಾನ್ಯವಾಗಿ ತಾತ್ಕಾಲಿಕವಾಗಿ ನಿಲ್ಲಿಸಲು ಹೇಳುತ್ತಾರೆ. ನಿಮ್ಮ ವೈದ್ಯರಿಗೆ ಫೋನ್ ಮಾಡಿ ಅದೇ ದಿನ ಕೇಳಿಕೊಳ್ಳಿ. ಸಕ್ಕರೆ ಕಾಯಿಲೆಯಿದೆ ಎಂಬ ಕಾರಣಕ್ಕೆ ಓಆರ್‌ಎಸ್ ಬೇಡವೆನ್ನುವಂತಿಲ್ಲ. ಒಂದು ಲೋಟದಲ್ಲಿರುವ ಗ್ಲೂಕೋಸ್ ಮೂರು ಗ್ರಾಂಗೂ ಕಡಿಮೆ.